ಇಂಕ್‌ಜೆಟ್ ಪ್ರಿಂಟರ್: ಮುದ್ರಣ ಗುಣಮಟ್ಟದ ದೋಷಗಳು ಮತ್ತು ಪರಿಹಾರ

ಸೂಕ್ಷ್ಮ ರಂಧ್ರಗಳಿಂದ ಶಾಯಿಯ ಹನಿಗಳನ್ನು ಚಿಮ್ಮಿಸಿ ಕಾಗದದ ಮೇಲೆ ಅಕ್ಷರ ಮತ್ತು ಚಿತ್ರ ಮೂಡಿಸುವ ಪ್ರಿಂಟರಿನಲ್ಲಿ ಹನಿ ಬೀಳಬೇಕಾದಲ್ಲಿ ಬೀಳದಿರುವುದು, ತಪ್ಪು ಜಾಗದಲ್ಲಿ ಬೀಳುವುದು ಅಥವಾ ಬಿದ್ದ ಮೇಲೆ ಹರಡುವುದು, ಇವುಗಳಿಂದ ಉಂಟಾಗುವ ಕುಂದುಗಳೇ ಇಂಕ್‌ಜೆಟ್ ಮುದ್ರಣದ ಗುಣಮಟ್ಟದ ದೋಷಗಳು. ಬಿಳಿ ಗೆರೆ, ಮಸುಕು, ಬಣ್ಣ ಕೆಡುವುದು, ಗೆರೆ ಜೋಡಿಯಾಗುವುದು, ಕಲೆ ಹಾಗೂ ಖಾಲಿ ಹಾಳೆ ಇವುಗಳ ಮುಖ್ಯ ರೂಪಗಳು. ಶಾಯಿಯ ಹಾದಿ, ಯಂತ್ರದ ಚಲನೆ, ಕಾಗದ ಮತ್ತು ಸೆಟ್ಟಿಂಗ್ ಎಂಬ ನಾಲ್ಕು ನೆಲೆಗಳಲ್ಲಿ ಕಾರಣಗಳನ್ನು ಹುಡುಕಲಾಗುತ್ತದೆ. ಹವಾಮಾನ, ವಿದ್ಯುತ್ ಪೂರೈಕೆ, ಧೂಳು ಮತ್ತು ನೀರಿನ ಗುಣ ಎಂಬ ಹೊರಗಿನ ಕಾರಣಗಳು ಈ ನೆಲೆಗಳ ಮೇಲೆ ಪರಿಣಾಮ ಬೀರುತ್ತವೆ. ಬಿಸಿಲಿನ ತೀವ್ರತೆಗೆ ಹೆಸರಾದ ಕಲಬುರಗಿ ನಗರ ಮತ್ತು ಅದೇ ಜಿಲ್ಲೆಯ ಕಮಲಾಪುರದಲ್ಲಿ ಈ ಹೊರಗಿನ ಕಾರಣಗಳಿಗೆ ವಿಶೇಷ ಮಹತ್ವವಿದೆ.

ಈ ಲೇಖನದಲ್ಲಿ ಹನಿ ಚಿಮ್ಮಿಸುವ ಭಾಗವನ್ನು ಹೆಡ್ ಎಂದೂ ಅದರ ಪ್ರತಿಯೊಂದು ರಂಧ್ರವನ್ನು ನಾಜಲ್ ಎಂದೂ ಹೆಡ್ಡನ್ನು ಅಡ್ಡಲಾಗಿ ಒಯ್ಯುವ ಗಾಡಿಯನ್ನು ಕ್ಯಾರೇಜ್ ಎಂದೂ ಕರೆಯಲಾಗಿದೆ. ದೋಷ ಎಂಬ ಮಾತು ಮುದ್ರಣದ ಗುಣಮಟ್ಟಕ್ಕೆ ಮಾತ್ರ ಅನ್ವಯಿಸುತ್ತದೆ; ಕಾಗುಣಿತದ ತಪ್ಪುಗಳು ಅದರಲ್ಲಿ ಸೇರಿಲ್ಲ.

ಉಗಮ ಮತ್ತು ಬೆಳವಣಿಗೆ

ದ್ರವದ ಸಣ್ಣ ಧಾರೆ ಹನಿಗಳಾಗಿ ಒಡೆಯುವ ಬಗೆಯನ್ನು ಬ್ರಿಟನ್ನಿನ ಭೌತವಿಜ್ಞಾನಿ ಲಾರ್ಡ್ ರೇಲಿ 1870ರ ದಶಕದಲ್ಲಿ ಗಣಿತದ ಮೂಲಕ ವಿವರಿಸಿದ. ಶಾಯಿಯನ್ನು ಚಿಮ್ಮಿಸಿ ದಾಖಲೆ ಬರೆಯುವ ವೈದ್ಯಕೀಯ ಉಪಕರಣಕ್ಕೆ ಸ್ವೀಡನ್ನಿನ ರೂನೆ ಎಲ್ಮ್‌ಕ್ವಿಸ್ಟ್ 1951ರಲ್ಲಿ ಅಮೆರಿಕದ ಪೇಟೆಂಟ್ ಪಡೆದ. 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರಿಚರ್ಡ್ ಸ್ವೀಟ್, ಹನಿಗಳಿಗೆ ವಿದ್ಯುದಾವೇಶ ಕೊಟ್ಟು ಬೇಕಾದ ಕಡೆಗೆ ತಿರುಗಿಸುವ ವಿಧಾನವನ್ನು ರೂಪಿಸಿದ. ಈ ನಿರಂತರ ಧಾರೆಯ ಪದ್ಧತಿಯಲ್ಲಿ ಶಾಯಿ ಸದಾ ಹರಿಯುತ್ತಿರುತ್ತದೆ; ಬೇಡವಾದ ಹನಿಗಳು ಮತ್ತೆ ಸಂಗ್ರಹಕ್ಕೆ ಮರಳುತ್ತವೆ.

ಬೇಕಾದಾಗ ಮಾತ್ರ ಹನಿ ಬಿಡುವ ಪದ್ಧತಿ 1970ರ ದಶಕದಲ್ಲಿ ಬೆಳೆಯಿತು. ವಿದ್ಯುತ್ ಹಾಯಿಸಿದಾಗ ಆಕಾರ ಬದಲಿಸುವ ಪೀಜೋ ಹರಳನ್ನು ಬಳಸುವುದು ಇದರ ಒಂದು ಕವಲು. ಶಾಯಿಯನ್ನು ಕ್ಷಣಮಾತ್ರ ಕಾಯಿಸಿ ಗುಳ್ಳೆಯ ಒತ್ತಡದಿಂದ ಹನಿ ತಳ್ಳುವುದು ಇನ್ನೊಂದು. ಈ ಎರಡನೆಯ ವಿಧಾನವನ್ನು ಜಪಾನಿನ ಕ್ಯಾನನ್ ಕಂಪನಿ 1977ರಲ್ಲಿಯೂ ಅಮೆರಿಕದ ಹ್ಯೂಲೆಟ್ ಪ್ಯಾಕರ್ಡ್ 1979ರ ಹೊತ್ತಿಗೂ ಪ್ರತ್ಯೇಕವಾಗಿ ಕಂಡುಕೊಂಡವು. 1984ರ ಹ್ಯೂಲೆಟ್ ಪ್ಯಾಕರ್ಡ್ ಥಿಂಕ್‌ಜೆಟ್‌ನಲ್ಲಿ ಇದ್ದುದು 12 ನಾಜಲ್. ಅಂಗುಲಕ್ಕೆ 96 ಚುಕ್ಕೆ. 1988ರ ಡೆಸ್ಕ್‌ಜೆಟ್ ಅಂಗುಲಕ್ಕೆ 300 ಚುಕ್ಕೆಗಳನ್ನೂ 1994ರ ಎಪ್ಸನ್ ಸ್ಟೈಲಸ್ ಕಲರ್ 720 ಚುಕ್ಕೆಗಳನ್ನೂ ಮುದ್ರಿಸಿದವು.

ನಾಜಲ್ ಕಟ್ಟಿಕೊಳ್ಳುವ ತೊಂದರೆ ಪ್ರಧಾನವಾದದ್ದು ಬೇಕಾದಾಗ ಮಾತ್ರ ಹನಿ ಬಿಡುವ ಈ ಪದ್ಧತಿಯ ಜೊತೆಗೇ. ಹನಿ ಬಿಡದ ವೇಳೆಯಲ್ಲಿ ನಾಜಲಿನ ಬಾಯಲ್ಲಿ ಶಾಯಿ ಅಲುಗದೆ ನಿಲ್ಲುತ್ತದೆ, ಗಾಳಿಗೆ ಒಡ್ಡಿಕೊಂಡು ಒಣಗುತ್ತದೆ. ಮನೆ ಮತ್ತು ಕಚೇರಿಗಳ ಇಂದಿನ ಇಂಕ್‌ಜೆಟ್‌ಗಳೆಲ್ಲ ಈ ಪದ್ಧತಿಯವೇ.

2010ರಲ್ಲಿ ಎಪ್ಸನ್ ಕಂಪನಿ ಇಂಡೋನೇಷ್ಯಾದಲ್ಲಿ ಬಾಟಲಿಯಿಂದ ಶಾಯಿ ಸುರಿದು ತುಂಬಿಸುವ ಟ್ಯಾಂಕಿನ ಪ್ರಿಂಟರನ್ನು ಬಿಡುಗಡೆ ಮಾಡಿತು. ಬಳಿಕ ಈ ಬಗೆ ಭಾರತಕ್ಕೂ ಬಂದು, ಕ್ಯಾನನ್, ಹ್ಯೂಲೆಟ್ ಪ್ಯಾಕರ್ಡ್ ಮತ್ತು ಬ್ರದರ್ ಕಂಪನಿಗಳೂ ಟ್ಯಾಂಕ್ ಮಾದರಿಗಳನ್ನು ತಂದವು. ಪುಟದ ಖರ್ಚು ಇಳಿದುದರಿಂದ ಝೆರಾಕ್ಸ್ ಅಂಗಡಿ, ಫೋಟೊ ಸ್ಟುಡಿಯೊ ಮತ್ತು ಆನ್‌ಲೈನ್ ಅರ್ಜಿ ತುಂಬುವ ಕೇಂದ್ರಗಳಲ್ಲಿ ಇವು ನೆಲೆಯೂರಿದವು.

ರಚನೆ ಮತ್ತು ಕಾರ್ಯವಿಧಾನ

ಶಾಯಿಯ ಹಾದಿ ಟ್ಯಾಂಕ್ ಅಥವಾ ಕಾರ್ಟ್ರಿಜ್‌ನಿಂದ ಆರಂಭವಾಗುತ್ತದೆ. ಟ್ಯಾಂಕ್ ಮಾದರಿಗಳಲ್ಲಿ ತೆಳುವಾದ ಕೊಳವೆಗಳು ಶಾಯಿಯನ್ನು ಹೆಡ್ಡಿಗೆ ತಲುಪಿಸುತ್ತವೆ. ನಾಜಲ್‌ಗಳ ವ್ಯಾಸ ಸಾಮಾನ್ಯವಾಗಿ 20 ಮೈಕ್ರಾನ್ ಆಸುಪಾಸಿನದು, ಅಂದರೆ ಮನುಷ್ಯನ ಕೂದಲಿಗಿಂತ ಬಹಳ ಕಿರಿದು. ಹನಿಯ ಗಾತ್ರವನ್ನು ಪಿಕೋಲೀಟರ್‌ನಲ್ಲಿ ಹೇಳಲಾಗುತ್ತದೆ. ಒಂದು ಪಿಕೋಲೀಟರ್ ಲೀಟರಿನ ಲಕ್ಷ ಕೋಟಿಯಲ್ಲಿ ಒಂದು ಭಾಗ. ಸಯಾನ್, ಮಜೆಂಟಾ, ಹಳದಿ ಮತ್ತು ಕಪ್ಪು ಎಂಬ ನಾಲ್ಕು ಶಾಯಿಗಳ ಹನಿಗಳು ಅಕ್ಕಪಕ್ಕ ಮತ್ತು ಒಂದರ ಮೇಲೊಂದು ಬಿದ್ದು ಉಳಿದ ಬಣ್ಣಗಳನ್ನು ಮೂಡಿಸುತ್ತವೆ.

ಹೆಡ್‌ಗಳಲ್ಲಿ ಎರಡು ಬಗೆ. ಎಪ್ಸನ್ ಮತ್ತು ಬ್ರದರ್ ಪ್ರಿಂಟರುಗಳಲ್ಲಿ ಪೀಜೋ ಹೆಡ್ ಇರುತ್ತದೆ. ಇದು ಯಂತ್ರಕ್ಕೆ ಖಾಯಂ ಆಗಿ ಜೋಡಿಸಿದ್ದು, ಬೆಲೆಯೂ ಹೆಚ್ಚು. ಕ್ಯಾನನ್ ಮತ್ತು ಹ್ಯೂಲೆಟ್ ಪ್ಯಾಕರ್ಡ್‌ಗಳ ಮನೆಬಳಕೆಯ ಮಾದರಿಗಳದ್ದು ಶಾಖದ ಹೆಡ್. ಕಾರ್ಟ್ರಿಜ್ ಮಾದರಿಗಳಲ್ಲಿ ಹೆಡ್ ಹಲವು ವೇಳೆ ಕಾರ್ಟ್ರಿಜ್‌ನ ತಳದಲ್ಲೇ ಇರುವುದರಿಂದ ಕಾರ್ಟ್ರಿಜ್ ಬದಲಿಸಿದರೆ ಹೆಡ್ಡೂ ಬದಲಾದಂತೆ. ಕ್ಯಾನನ್‌ನ ಹಲವು ಟ್ಯಾಂಕ್ ಮಾದರಿಗಳಲ್ಲಿ ಹೆಡ್ಡನ್ನು ಕಳಚಿ ಹೊಸದನ್ನು ಹಾಕಬಹುದು. ಹೆಡ್ ಯಾವ ಬಗೆಯದೆಂದು ತಿಳಿಯದೆ ಪರಿಹಾರದ ಖರ್ಚನ್ನು ಅಂದಾಜು ಮಾಡಲಾಗದು.

ಕ್ಯಾರೇಜ್ ಅಡ್ಡಲಾಗಿ ಓಡುವಾಗ ಅದರ ಸ್ಥಾನವನ್ನು ಎನ್‌ಕೋಡರ್ ಪಟ್ಟಿ ಎಂಬ ಪಾರದರ್ಶಕ ಪಟ್ಟಿಯ ಸೂಕ್ಷ್ಮ ಗೆರೆಗಳಿಂದ ಸಂವೇದಕವು ಓದುತ್ತದೆ. ಕಾಗದವನ್ನು ರಬ್ಬರ್ ರೋಲರ್‌ಗಳು ಹಂತ ಹಂತವಾಗಿ ಮುಂದೂಡುತ್ತವೆ. ಕೆಲಸವಿಲ್ಲದಾಗ ಹೆಡ್ ಬಲತುದಿಯ ಕ್ಯಾಪ್ ಮೇಲೆ ಕೂರುತ್ತದೆ. ಈ ರಬ್ಬರ್ ಅಂಚಿನ ಬಟ್ಟಲು ನಾಜಲ್‌ಗಳಿಗೆ ಗಾಳಿ ತಾಗದಂತೆ ಮುಚ್ಚಿರುತ್ತದೆ. ಹೆಡ್ ಕ್ಲೀನಿಂಗ್ ನಡೆದಾಗ ಕ್ಯಾಪಿನ ಕೆಳಗಿನ ಪಂಪು ನಾಜಲ್‌ಗಳಿಂದ ಶಾಯಿ ಎಳೆಯುತ್ತದೆ, ವೈಪರ್ ಎಂಬ ರಬ್ಬರ್ ಪಟ್ಟಿ ಹೆಡ್ಡಿನ ಮುಖವನ್ನು ಒರೆಸುತ್ತದೆ. ಎಳೆದ ಶಾಯಿ ವೇಸ್ಟ್ ಇಂಕ್ ಪ್ಯಾಡ್ ಎಂಬ ಹೀರುಪದರಕ್ಕೆ ಹೋಗುತ್ತದೆ. ಹೀಗಾಗಿ ಪ್ರತಿಯೊಂದು ಕ್ಲೀನಿಂಗ್‌ಗೂ ಶಾಯಿ ಖರ್ಚಾಗುತ್ತದೆ, ಪ್ಯಾಡ್ ಅಷ್ಟಷ್ಟೇ ತುಂಬುತ್ತದೆ. ದೋಷ ಪರಿಹಾರದ ಕ್ರಮ ನಿಂತಿರುವುದು ಈ ಲೆಕ್ಕದ ಮೇಲೆ: ಕಡಿಮೆ ಶಾಯಿ ವ್ಯಯವಾಗುವ ಪರೀಕ್ಷೆ ಮೊದಲು, ಹೆಚ್ಚು ವ್ಯಯವಾಗುವ ಉಪಾಯ ಕೊನೆಗೆ.

ದೋಷಗಳ ವಿಧಗಳು

ಬಿಳಿ ಅಡ್ಡಗೆರೆಗಳು: ಅತ್ಯಂತ ಸಾಮಾನ್ಯ ದೋಷ. ಕೆಲವು ನಾಜಲ್ ಕಟ್ಟಿಕೊಂಡಾಗ ಅವುಗಳ ಸಾಲು ಖಾಲಿ ಉಳಿಯುತ್ತದೆ. ಹೆಡ್ಡಿನ ಒಂದು ಓಟಕ್ಕೂ ಮುಂದಿನದಕ್ಕೂ ನಡುವೆ ಕಾಗದ ಹೆಚ್ಚು ಸರಿದರೂ ಬಿಳಿ ಗೆರೆ ಬೀಳುತ್ತದೆ. ಕಡಿಮೆ ಸರಿದರೆ ಆ ಜಾಗದಲ್ಲಿ ಗಾಢ ಗೆರೆ ಮೂಡುತ್ತದೆ. ಸುಮಾರು 2.5 ಸೆಂ.ಮೀ. ಅಂತರದಲ್ಲಿ ಕ್ರಮವಾಗಿ ಮರುಕಳಿಸುವ ಪಟ್ಟಿಗಳಿದ್ದರೆ ನಾಜಲ್‌ಗಿಂತ ಕಾಗದದ ಬಗೆಯ ಸೆಟ್ಟಿಂಗ್ ಅಥವಾ ಹೆಡ್ ಹೊಂದಾಣಿಕೆಯನ್ನು ಮೊದಲು ಶಂಕಿಸಲಾಗುತ್ತದೆ.

ಜೋಡಿ ಗೆರೆ ಮತ್ತು ಮಸುಕು: ಹೆಡ್ ಹೋಗುವಾಗ ಬಿದ್ದ ಹನಿಗಳಿಗೂ ಬರುವಾಗ ಬಿದ್ದವಕ್ಕೂ ತಾಳೆಯಾಗದಿದ್ದರೆ ನೇರ ಗೆರೆಗಳು ಎರಡಾಗಿ, ಅಕ್ಷರದ ಅಂಚು ಮಬ್ಬಾಗಿ ಕಾಣುತ್ತವೆ. ಎನ್‌ಕೋಡರ್ ಪಟ್ಟಿಯ ಮೇಲಿನ ಧೂಳು ಅಥವಾ ಶಾಯಿಯ ಕಲೆ ಕೂಡ ಇದೇ ಲಕ್ಷಣ ತೋರಿಸುತ್ತದೆ.

ಬಣ್ಣ ಕೆಡುವುದು: ನಾಲ್ಕು ಬಣ್ಣಗಳಲ್ಲಿ ಒಂದು ಬರದಿದ್ದರೆ ಉಳಿದವು ಮೇಲುಗೈ ಪಡೆಯುತ್ತವೆ. ಮಜೆಂಟಾ ಇಲ್ಲದಿದ್ದರೆ ಚಿತ್ರ ಹಸಿರಿಗೂ ಸಯಾನ್ ಇಲ್ಲದಿದ್ದರೆ ಕೆಂಪಿಗೂ ಹಳದಿ ಇಲ್ಲದಿದ್ದರೆ ನೀಲಿಗೂ ವಾಲುತ್ತದೆ. ನಾಜಲ್ ಎಲ್ಲವೂ ಸರಿಯಿದ್ದು ಬಣ್ಣ ಕೆಟ್ಟಿದ್ದರೆ ಸೆಟ್ಟಿಂಗ್, ತಪ್ಪು ಟ್ಯಾಂಕಿಗೆ ಸುರಿದ ಶಾಯಿ ಅಥವಾ ಬೇರೆ ಗುಣದ ಶಾಯಿ ಕಾರಣ.

ಕಲೆ ಮತ್ತು ಒರೆಸಿದ ಗುರುತು: ಬಾಗಿದ ಕಾಗದ ಹೆಡ್ಡಿಗೆ ತಾಗುವುದು, ರೋಲರಿಗೆ ಅಂಟಿದ ಶಾಯಿ, ಒಣಗುವ ಮೊದಲೇ ಹಾಳೆಯನ್ನು ಮುಟ್ಟುವುದು ಇದರ ಕಾರಣಗಳು.

ಶಾಯಿ ಹರಡುವುದು: ಲೇಪವಿಲ್ಲದ ತೆಳು ಕಾಗದ ಅಥವಾ ತೇವ ಹೀರಿದ ಕಾಗದದಲ್ಲಿ ಶಾಯಿ ನಾರಿನ ಗುಂಟ ಹರಿದು ಅಕ್ಷರದ ಅಂಚು ಒಡೆಯುತ್ತದೆ.

ಖಾಲಿ ಹಾಳೆ: ಟ್ಯಾಂಕ್ ಬರಿದಾಗಿರುವುದು, ಕೊಳವೆಯಲ್ಲಿ ಗಾಳಿ ಸೇರಿರುವುದು, ಶಾಯಿಯ ಹರಿವನ್ನು ತಡೆಯುವ ಸಾಗಣೆಯ ಲಾಕ್ ಮುಚ್ಚಿಯೇ ಇರುವುದು, ಹೆಡ್ಡಿನ ವಿದ್ಯುತ್ ಸಂಪರ್ಕ ಕೆಟ್ಟಿರುವುದು, ಕಡತದಲ್ಲೇ ಖಾಲಿ ಪುಟ ಇರುವುದು, ಇವೆಲ್ಲ ಸಾಧ್ಯ.

ಲಿಪಿಯ ಮೇಲೆ ದೋಷದ ಪರಿಣಾಮ

ಸಣ್ಣ ಗಾತ್ರದ ಅಕ್ಷರಗಳಲ್ಲಿ ಒಂದೆರಡು ನಾಜಲ್ ಕೆಟ್ಟರೂ ಓದುವಿಕೆಗೆ ಅಡ್ಡಿಯಾಗುತ್ತದೆ. ಕನ್ನಡದಲ್ಲಿ ದ ಮತ್ತು ಧ, ಡ ಮತ್ತು ಢ, ಬ ಮತ್ತು ಭ ಇವುಗಳನ್ನು ಬೇರ್ಪಡಿಸುವುದು ಅಕ್ಷರದ ಬುಡದ ಒಂದು ಸೀಳು. ಬಿಳಿ ಅಡ್ಡಗೆರೆ ನೇರವಾಗಿ ಅದರ ಮೇಲೆ ಹಾದುಹೋದರೆ ಮಹಾಪ್ರಾಣ ಅಲ್ಪಪ್ರಾಣವಾಗಿ ಕಾಣುತ್ತದೆ. ಒತ್ತಕ್ಷರಗಳು ಸಾಲಿನ ಕೆಳಗೆ ಇನ್ನೂ ಚಿಕ್ಕ ಗಾತ್ರದಲ್ಲಿ ಇರುವುದರಿಂದ ತೊಂದರೆ ಹೆಚ್ಚು. ಸಿದ್ದಪ್ಪ ಎಂಬುದನ್ನೂ ಸಿದ್ಧಪ್ಪ ಎಂಬುದನ್ನೂ ಬೇರೆ ಮಾಡುವ ಗುರುತು ಮಿಲಿಮೀಟರಿನ ಒಂದು ಪಾಲಿನಷ್ಟೇ ಇರುತ್ತದೆ. ಹೆಸರು ಅಕ್ಷರಶಃ ಹೊಂದಬೇಕಾದ ದಾಖಲೆಗಳಲ್ಲಿ ಇದು ಗಂಭೀರ ದೋಷ.

ಕಲಬುರಗಿಯಲ್ಲಿ ಕನ್ನಡದ ಜೊತೆಗೆ ಉರ್ದು ಬರಹವೂ ಮುದ್ರಣಗೊಳ್ಳುತ್ತದೆ. ಉರ್ದುವಿನ ಬೇ, ಪೇ, ತೇ ಅಕ್ಷರಗಳ ಮೂಲರೂಪ ಒಂದೇ. ಕೆಳಗೆ ಒಂದು ಚುಕ್ಕೆ ಇದ್ದರೆ ಬೇ, ಕೆಳಗೆ ಮೂರು ಇದ್ದರೆ ಪೇ, ಮೇಲೆ ಎರಡು ಇದ್ದರೆ ತೇ. ಶಾಯಿ ಹರಡಿ ಚುಕ್ಕೆಗಳು ಕೂಡಿಕೊಂಡರೆ ಅಥವಾ ನಾಜಲ್ ಕಟ್ಟಿ ಒಂದು ಚುಕ್ಕೆ ಅಳಿಸಿಹೋದರೆ ಪದವೇ ಬದಲಾಗುತ್ತದೆ. ಬಾರ್‌ಕೋಡ್ ಮತ್ತು ಕ್ಯೂಆರ್ ಕೋಡ್‌ಗಳಲ್ಲಿಯೂ ಹೀಗೆಯೇ. ಗೆರೆ ಬಿದ್ದ ಕೋಡ್ ಸ್ಕ್ಯಾನರಿಗೆ ಸಿಗದಿರಬಹುದು.

ಪತ್ತೆಯ ಕ್ರಮ

ಮೊದಲ ಹೆಜ್ಜೆ ನಾಜಲ್ ಚೆಕ್. ಹೆಚ್ಚಿನ ಮಾದರಿಗಳಲ್ಲಿ ಇದನ್ನು ಕಂಪ್ಯೂಟರಿನ ನೆರವಿಲ್ಲದೆ ಪ್ರಿಂಟರಿನ ಗುಂಡಿಗಳಿಂದಲೇ ತೆಗೆಯಬಹುದು. ಎಪ್ಸನ್ ಮಾದರಿಗಳ ನಮೂನೆಯಲ್ಲಿ ಪ್ರತಿ ಬಣ್ಣಕ್ಕೂ ಮೆಟ್ಟಿಲಿನಂತೆ ಇಳಿಯುವ ತುಂಡುಗೆರೆಗಳ ಒಂದು ಚೌಕಟ್ಟು ಇರುತ್ತದೆ. ಒಂದೊಂದು ತುಂಡುಗೆರೆಯೂ ಒಂದೊಂದು ನಾಜಲಿನದು. ತುಂಡು ಕಾಣೆಯಾದಲ್ಲಿ ಆ ನಾಜಲ್ ಹನಿ ಬಿಡುತ್ತಿಲ್ಲ. ವಾರೆಯಾಗಿದ್ದರೆ ಹನಿ ಓರೆಯಾಗಿ ಚಿಮ್ಮುತ್ತಿದೆ. ಬಿಳಿ ಹಾಳೆಯ ಮೇಲೆ ಹಳದಿ ಗೆರೆಗಳು ಕಣ್ಣಿಗೆ ಸರಿಯಾಗಿ ಸಿಗುವುದಿಲ್ಲ. ನೀಲಿ ಪಾರದರ್ಶಕ ಹಾಳೆಯ ಮೂಲಕ ನೋಡಿದರೆ ಅವು ಗಾಢವಾಗಿ ಎದ್ದು ಕಾಣುತ್ತವೆ.

ನಮೂನೆ ಪೂರ್ಣವಾಗಿದ್ದರೆ ಶಾಯಿಯ ಹಾದಿಯಲ್ಲಿ ದೋಷವಿಲ್ಲ. ಹೆಡ್ ಕ್ಲೀನಿಂಗ್ ಮಾಡುವುದು ಅನವಶ್ಯಕ. ಆಗ ಕಾಗದ, ಸೆಟ್ಟಿಂಗ್ ಮತ್ತು ಹೊಂದಾಣಿಕೆಯನ್ನು ಪರಿಶೀಲಿಸಬೇಕು. ನಮೂನೆಯಲ್ಲಿ ಕಡಿತಗಳಿದ್ದರೆ ಒಂದು ಕ್ಲೀನಿಂಗ್ ಬಳಿಕ ಎರಡನೆಯ ನಮೂನೆ ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲಾಗುತ್ತದೆ. ಕಡಿತಗಳು ಅದೇ ಜಾಗದಲ್ಲಿ ಉಳಿದರೆ ಶಾಯಿ ಒಣಗಿ ಕಟ್ಟಿದೆ. ಜಾಗ ಬದಲಿಸಿದರೆ ಹೆಡ್ಡಿನಲ್ಲಿ ಗಾಳಿಯ ಗುಳ್ಳೆಗಳಿವೆ. ಕ್ಲೀನಿಂಗ್ ಮಾಡಿದಷ್ಟೂ ಕಡಿತ ಹೆಚ್ಚುತ್ತಿದ್ದರೆ ಕ್ಯಾಪ್ ಸರಿಯಾಗಿ ಮುಚ್ಚದೆ ಪಂಪು ಗಾಳಿ ಎಳೆಯುತ್ತಿದೆ, ಇಲ್ಲವೆ ಟ್ಯಾಂಕಿನ ಮೇಲೆ ಗುರುತಿಸಿದ ಕೆಳಗೆರೆಗಿಂತ ಶಾಯಿ ಇಳಿದಿದೆ.

ಸ್ಕ್ಯಾನರ್ ಇರುವ ಯಂತ್ರಗಳಲ್ಲಿ ಇನ್ನೊಂದು ಸರಳ ಪರೀಕ್ಷೆ ಇದೆ. ಪ್ರತಿ ತೆಗೆದಾಗ ಮಾತ್ರ ಗೆರೆ ಅಥವಾ ಚುಕ್ಕೆ ಬಂದು, ಕಂಪ್ಯೂಟರಿನಿಂದ ಮುದ್ರಿಸಿದಾಗ ಬಾರದಿದ್ದರೆ ದೋಷ ಸ್ಕ್ಯಾನರ್ ಗಾಜಿನದು. ಗಾಜನ್ನು ಒರೆಸಿದರೆ ಸಾಕು. ಒಂದು ಕಡತದಲ್ಲಿ ಮಾತ್ರ ದೋಷ ಕಂಡರೆ ಆ ಕಡತ ಅಥವಾ ಅದರ ಅಕ್ಷರವಿನ್ಯಾಸ ಕಾರಣ. ಕಡಿಮೆ ಸ್ಪಷ್ಟತೆಯ ಮೊಬೈಲ್ ಚಿತ್ರವನ್ನು ಯಾವ ಪ್ರಿಂಟರೂ ಸ್ಫುಟಗೊಳಿಸಲಾರದು.

ಪರಿಹಾರ ವಿಧಾನಗಳು

ಸೆಟ್ಟಿಂಗ್: ಡ್ರಾಫ್ಟ್ ಗುಣಮಟ್ಟದಲ್ಲಿ ಹನಿಗಳ ಸಂಖ್ಯೆ ಕಡಿಮೆ, ಪ್ರಮಾಣಪತ್ರ ಹಾಗೂ ಫೋಟೊಗಳಿಗೆ ಅದು ಸಲ್ಲದು. ಹಾಕಿದ ಕಾಗದ ಮತ್ತು ಪರದೆಯಲ್ಲಿ ಆರಿಸಿದ ಕಾಗದ ಒಂದೇ ಆಗಿರಬೇಕು. ಕಪ್ಪಿಗೆ ವರ್ಣಕಣದ ಶಾಯಿ, ಉಳಿದವಕ್ಕೆ ಕರಗುವ ಬಣ್ಣದ ಶಾಯಿ ಇರುವ ಮಾದರಿಗಳಲ್ಲಿ ಫೋಟೊ ಕಾಗದ ಆರಿಸಿದಾಗ ಬಣ್ಣಗಳ ಮಿಶ್ರಣದಿಂದಲೇ ಕಪ್ಪು ಮೂಡುತ್ತದೆ. ಸಾದಾ ಹಾಳೆಗೂ ಅದೇ ಆಯ್ಕೆ ಉಳಿದಿದ್ದರೆ ಅಕ್ಷರಗಳು ಕಂದು ಛಾಯೆ ಪಡೆದು ಮಂಕಾಗುತ್ತವೆ. ಎರಡು ದಿಕ್ಕಿನ ಮುದ್ರಣದ ಆಯ್ಕೆಯನ್ನು ತೆಗೆದರೆ ವೇಗ ಇಳಿದರೂ ಜೋಡಿ ಗೆರೆ ಹೋಗುತ್ತದೆ.

ಹೆಡ್ ಹೊಂದಾಣಿಕೆ: ಪ್ರಿಂಟರ್ ಮುದ್ರಿಸುವ ಹಲವು ನಮೂನೆಗಳಲ್ಲಿ ಅತಿ ನೇರವಾದ ಗೆರೆ ಅಥವಾ ಅತಿ ಸಮನಾದ ಚೌಕದ ಸಂಖ್ಯೆಯನ್ನು ಆರಿಸುವುದು. ಇದನ್ನು ನಾಜಲ್ ಚೆಕ್ ಪೂರ್ಣವಾಗಿ ಬಂದ ಮೇಲೆ ಮಾಡಬೇಕು.

ಹೆಡ್ ಕ್ಲೀನಿಂಗ್: ಒಮ್ಮೆ ಕ್ಲೀನಿಂಗ್, ಬಳಿಕ ನಾಜಲ್ ಚೆಕ್. ಮೂರು ಸಲ ಹೀಗೆ ಮಾಡಿಯೂ ಫಲ ಸಿಗದಿದ್ದರೆ ಅಲ್ಲಿಗೆ ನಿಲ್ಲಿಸಿ ಕನಿಷ್ಠ 12 ಗಂಟೆ ಪ್ರಿಂಟರನ್ನು ಆಫ್ ಮಾಡಿ ಬಿಡುವುದು ಎಪ್ಸನ್ ಟ್ಯಾಂಕ್ ಮಾದರಿಗಳ ಕೈಪಿಡಿಯ ಕ್ರಮ. ಈ ಅವಧಿಯಲ್ಲಿ ಗುಳ್ಳೆಗಳು ಕರಗಿ, ಒಣಗಿದ ಶಾಯಿ ತೇವದಿಂದ ಸಡಿಲವಾಗುತ್ತದೆ. ಬಿಡುವಿಲ್ಲದೆ ಕ್ಲೀನಿಂಗ್ ಮಾಡುವುದರಿಂದ ಶಾಯಿ ಬರಿದಾಗುತ್ತದೆಯೇ ಹೊರತು ಪರಿಹಾರ ಬೇಗ ಸಿಗುವುದಿಲ್ಲ.

ಪವರ್ ಕ್ಲೀನಿಂಗ್: ಕೊಳವೆಗಳಲ್ಲಿರುವ ಶಾಯಿಯನ್ನೆಲ್ಲ ಹೊರತೆಗೆದು ಹೊಸದನ್ನು ತುಂಬುವ ಕ್ರಮ. ಎಲ್ಲ ಟ್ಯಾಂಕುಗಳಲ್ಲಿ ಕನಿಷ್ಠ ಮೂರನೇ ಒಂದು ಭಾಗ ಶಾಯಿ ಇರಬೇಕು. ಇಲ್ಲದಿದ್ದರೆ ಕೊಳವೆಗೆ ಗಾಳಿ ಸೇರಿ ದೋಷ ಉಲ್ಬಣಿಸುತ್ತದೆ. ಪ್ಯಾಡ್ ಬೇಗ ತುಂಬುವುದರಿಂದ ಇದು ಕೊನೆಯ ಉಪಾಯ.

ಕೈಯಿಂದ ಶುಚಿ ಮಾಡುವುದು: ಕ್ಯಾಪಿನ ಅಂಚಿನಲ್ಲಿ ಗಟ್ಟಿಯಾದ ಶಾಯಿಯನ್ನು ನೂಲು ಬಿಡದ ಬಟ್ಟೆಯಿಂದ ತೆಗೆದು, ಬಟ್ಟಲಿಗೆ ಕೆಲವು ಹನಿ ಡಿಸ್ಟಿಲ್ಡ್ ವಾಟರ್ ಹಾಕಿ ಹೆಡ್ಡನ್ನು ರಾತ್ರಿಯಿಡೀ ಅದರ ಮೇಲೆ ಬಿಡುವುದು ರಿಪೇರಿ ಕೆಲಸದಲ್ಲಿ ರೂಢಿ. ಹೆಡ್ ಇರುವ ಕಾರ್ಟ್ರಿಜ್ ಆದರೆ ಬೆಚ್ಚನೆಯ ಡಿಸ್ಟಿಲ್ಡ್ ವಾಟರಿನಲ್ಲಿ ಅದ್ದಿದ ಟಿಶ್ಯೂ ಮೇಲೆ ನಾಜಲ್ ಭಾಗವನ್ನು ಹಗುರವಾಗಿ ಒತ್ತಿದರೆ ಶಾಯಿ ಬಿಟ್ಟುಕೊಳ್ಳುತ್ತದೆ. ತಾಮ್ರದ ಸಂಪರ್ಕಗಳನ್ನು ಬೇರೆ ಒಣ ಬಟ್ಟೆಯಿಂದ ಒರೆಸಬೇಕು. ಸಿರಿಂಜ್‌ನಿಂದ ಜೋರಾಗಿ ಒತ್ತುವುದು ಹೆಡ್ಡಿನ ಒಳಪದರ ಒಡೆಯಲು ಕಾರಣವಾಗಬಹುದು. ಅಸಿಟೋನ್ ಮತ್ತು ಥಿನ್ನರ್ ಪ್ಲಾಸ್ಟಿಕ್ ಹಾಗೂ ಅಂಟನ್ನು ಕರಗಿಸುವುದರಿಂದ ವರ್ಜ್ಯ.

ರೋಲರ್ ಮತ್ತು ಎನ್‌ಕೋಡರ್ ಪಟ್ಟಿ: ಶಾಯಿ ಅಂಟಿದ ರೋಲರನ್ನು ಕೆಲವು ಖಾಲಿ ಹಾಳೆಗಳನ್ನು ಹಾಯಿಸಿ ಶುಚಿ ಮಾಡಬಹುದು. ಎನ್‌ಕೋಡರ್ ಪಟ್ಟಿಯನ್ನು ಅದರ ಜಾಗದಿಂದ ಬಿಡಿಸದೆ, ತುಸು ಒದ್ದೆಯಾದ ಮೃದು ಬಟ್ಟೆಯಿಂದ ಎರಡೂ ಬದಿಗೆ ಒರೆಸಬೇಕು.

ವೇಸ್ಟ್ ಇಂಕ್ ಪ್ಯಾಡ್: ಪ್ಯಾಡ್ ತುಂಬಿದೆ ಎಂದು ಒಳಗಿನ ಎಣಿಕೆ ತಿಳಿಸಿದಾಗ ಪ್ರಿಂಟರ್ ಕೆಲಸ ನಿಲ್ಲಿಸುತ್ತದೆ. ಕ್ಯಾನನ್ ಮಾದರಿಗಳಲ್ಲಿ 5ಬಿ00 ಸಂಕೇತ ಇದನ್ನು ಸೂಚಿಸುತ್ತದೆ. ಸಾಫ್ಟ್‌ವೇರಿನಿಂದ ಎಣಿಕೆಯನ್ನಷ್ಟೇ ಸೊನ್ನೆ ಮಾಡಿ ಪ್ಯಾಡ್ ಬದಲಿಸದಿದ್ದರೆ ಶಾಯಿ ಹೊರಚೆಲ್ಲಿ ಯಂತ್ರವೂ ಮೇಜೂ ಹಾಳಾಗುತ್ತವೆ. ಕೆಲವು ಹೊಸ ಮಾದರಿಗಳಲ್ಲಿ ಬಳಕೆದಾರರೇ ಬದಲಿಸಬಹುದಾದ ಪೆಟ್ಟಿಗೆಯನ್ನು ಕೊಡಲಾಗಿದೆ.

ಶಾಯಿ ಮತ್ತು ಕಾಗದ

ಶಾಯಿಯಲ್ಲಿ ಎರಡು ವರ್ಗ. ಕರಗುವ ಬಣ್ಣದ ಶಾಯಿ ಹೊಳಪುಳ್ಳದ್ದು, ಫೋಟೊಗಳಿಗೆ ಒಪ್ಪುವಂಥದು. ನೀರು ತಾಗಿದರೆ ಹರಡುತ್ತದೆ, ಬಿಸಿಲಿಗೆ ಮಾಸುತ್ತದೆ. ವರ್ಣಕಣದ ಶಾಯಿಯಲ್ಲಿ ಬಣ್ಣ ಕರಗದೆ ಸೂಕ್ಷ್ಮ ಕಣಗಳಾಗಿ ತೇಲುತ್ತಿರುತ್ತದೆ; ಅಕ್ಷರಕ್ಕೆ ಸ್ಫುಟತೆ, ನೀರು ಮತ್ತು ಬೆಳಕಿಗೆ ತಾಳಿಕೆ ಹೆಚ್ಚು. ಎರಡನ್ನು ಬೆರೆಸಿದರೆ ಕಣಗಳು ಗರಣೆಗಟ್ಟಿ ಹೆಡ್ಡನ್ನು ಮುಚ್ಚಬಹುದು. ಅಂಗಡಿಗಳಲ್ಲಿ ಲೋಕಲ್ ಇಂಕ್ ಎಂದು ಸಿಗುವ ಅಗ್ಗದ ಶಾಯಿಗಳ ಗುಣ ಬಾಟಲಿಯಿಂದ ಬಾಟಲಿಗೆ ಬದಲಾಗಬಹುದಾದ್ದರಿಂದ ಬಣ್ಣವೂ ಸ್ಥಿರವಾಗಿರುವುದಿಲ್ಲ.

ಸಾದಾ ಮುದ್ರಣಕ್ಕೆ ಚದರ ಮೀಟರಿಗೆ 70ರಿಂದ 80 ಗ್ರಾಂ ತೂಕದ ಕಾಗದ ಬಳಕೆಯಲ್ಲಿದೆ. ಫೋಟೊ ಕಾಗದಕ್ಕೆ ಲೇಪವಿರುವುದು ಸಾಮಾನ್ಯವಾಗಿ ಒಂದೇ ಬದಿಗೆ. ಹಿಂಬದಿಗೆ ಮುದ್ರಿಸಿದರೆ ಶಾಯಿ ಒಣಗದೆ ಜಾರುತ್ತದೆ. ಗುರುತಿನ ಚೀಟಿ ಮಾಡಲು ಬಳಸುವ ಪಿವಿಸಿ ಕಾರ್ಡ್‌ಗೂ ಇಂಕ್‌ಜೆಟ್ ಲೇಪ ಇರಲೇಬೇಕು.

ಕಲಬುರಗಿ ಮತ್ತು ಕಮಲಾಪುರದ ಸನ್ನಿವೇಶ

ಕಲಬುರಗಿ ವಿಭಾಗದ ಕೇಂದ್ರವಾದ ಕಲಬುರಗಿಯಲ್ಲಿ ಕಾಗದದ ಮೇಲಿನ ಕೆಲಸ ವಿಪುಲ. ಗುಲಬರ್ಗಾ ವಿಶ್ವವಿದ್ಯಾಲಯ 1980ರಲ್ಲಿ ಸ್ಥಾಪನೆಯಾಯಿತು. ಕರ್ನಾಟಕ ಹೈಕೋರ್ಟಿನ ಸಂಚಾರಿ ಪೀಠ 2008ರಲ್ಲಿ ಆರಂಭವಾಗಿ 2013ರಲ್ಲಿ ಖಾಯಂ ಪೀಠವಾಯಿತು. ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ 2009ರಿಂದ ಜಿಲ್ಲೆಯಲ್ಲಿದೆ. ಸಂವಿಧಾನದ 371ಜೆ ವಿಧಿಯ ಅರ್ಹತಾ ಪ್ರಮಾಣಪತ್ರಕ್ಕೆ ಅರ್ಜಿ, ಪ್ರವೇಶಪತ್ರ, ಪ್ರಬಂಧ, ಯೋಜನಾ ವರದಿ, ಕಕ್ಷಿದಾರರ ಕಾಗದಪತ್ರ ಮತ್ತು ಫೋಟೊಗಳಿಗೆ ಮುದ್ರಣ ಬೇಕಾಗುತ್ತದೆ. ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಹೋಗುವ ಹೆದ್ದಾರಿಯ ಮೇಲಿರುವ, ಕೆಂಪು ಬಾಳೆಗೆ ಹೆಸರಾದ ಕಮಲಾಪುರ 2017ರಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಒಂದು. ತಾಲ್ಲೂಕು ಕೇಂದ್ರವಾದುದರಿಂದ ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಅರ್ಜಿ ನಮೂನೆಗಳ ವ್ಯವಹಾರ ಅಲ್ಲಿಯೂ ಇದೆ.

ಶಾಖ: ಕಲಬುರಗಿಯಲ್ಲಿ ಏಪ್ರಿಲ್ ಮತ್ತು ಮೇ ತಿಂಗಳ ಹಗಲಿನ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಎಪ್ಸನ್ ಮತ್ತು ಕ್ಯಾನನ್ ಕಂಪನಿಗಳ ಹಲವು ಮನೆಬಳಕೆಯ ಮಾದರಿಗಳಿಗೆ ನಿಗದಿಯಾದ ಮೇಲ್ಮಿತಿ 35 ಡಿಗ್ರಿ. ಮನೆಬಳಕೆಯ ಶಾಯಿಯ ಬಹುಭಾಗ ನೀರು. ಶುಷ್ಕ ಶಾಖದಲ್ಲಿ ಅದು ನಾಜಲಿನ ಬಾಯಿಂದ ಬೇಗ ಆವಿಯಾಗಿ ಉಳಿದ ಶಾಯಿ ಮಂದವಾಗುತ್ತದೆ. ಬಿಸಿಲಿನ ಕಾರಣಕ್ಕೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ಸಮಯವನ್ನು ಈ ಎರಡು ತಿಂಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ಪದ್ಧತಿ ಇದೆ. ಕಾಲೇಜುಗಳ ಮತ್ತು ನ್ಯಾಯಾಲಯಗಳ ಬೇಸಿಗೆ ರಜೆಯೂ ಇದೇ ಕಾಲಕ್ಕೆ ಬರುತ್ತದೆ. ಹೀಗೆ ಶಾಯಿ ಅತಿ ಬೇಗ ಒಣಗುವ ದಿನಗಳಲ್ಲೇ ಪ್ರಿಂಟರಿಗೆ ಕೆಲಸ ಕಡಿಮೆ. ರಜೆಯ ಅವಧಿಯಲ್ಲೂ ವಾರಕ್ಕೊಮ್ಮೆ ನಾಲ್ಕೂ ಬಣ್ಣಗಳಿರುವ ಒಂದು ಪುಟ ಮುದ್ರಿಸುವುದು ಈ ಕಾರಣದಿಂದ ಅಗತ್ಯ.

ವಿದ್ಯುತ್: ಮುದ್ರಣದ ನಡುವೆ ಕರೆಂಟ್ ಹೋದರೆ ಕ್ಯಾರೇಜ್ ಇದ್ದಲ್ಲೇ ನಿಲ್ಲುತ್ತದೆ, ಹೆಡ್ ಕ್ಯಾಪಿಗೆ ಮರಳುವುದಿಲ್ಲ. ಕರೆಂಟ್ ಬರುವವರೆಗೂ ನಾಜಲ್‌ಗಳು ಬಿಸಿ ಗಾಳಿಗೆ ತೆರೆದಿರುತ್ತವೆ. ಅಂಗಡಿ ಮುಚ್ಚುವಾಗ ಪ್ರಿಂಟರಿನ ಗುಂಡಿ ಒತ್ತದೆ ಗೋಡೆಯ ಸ್ವಿಚ್ ಆರಿಸುವುದರಿಂದಲೂ ಹೆಡ್ ಮುಚ್ಚದೆ ಉಳಿಯಬಹುದು. ಮೊದಲು ಪ್ರಿಂಟರಿನ ಗುಂಡಿ ಒತ್ತಿ, ದೀಪ ಆರಿದ ಬಳಿಕ ಸ್ವಿಚ್ ತೆಗೆಯುವುದು ಸರಿಯಾದ ಕ್ರಮ. ಮನೆಬಳಕೆಯ ಇಂಕ್‌ಜೆಟ್ ಮುದ್ರಿಸುವಾಗ ಹತ್ತಾರು ವ್ಯಾಟ್ ಮಾತ್ರ ಬಳಸುವುದರಿಂದ ಕಂಪ್ಯೂಟರಿನ ಸಾಮಾನ್ಯ ಯುಪಿಎಸ್ ಅದನ್ನು ತಾಳಿಕೊಳ್ಳುತ್ತದೆ. ನೂರಾರು ವ್ಯಾಟ್ ಎಳೆಯುವ ಲೇಸರ್ ಪ್ರಿಂಟರಿಗೆ ಇದು ಅನ್ವಯಿಸದು.

ಧೂಳು ಮತ್ತು ನೀರು: ಒಣ ಎರೆಮಣ್ಣಿನ ಧೂಳು, ರಸ್ತೆಯಂಚಿನ ಅಂಗಡಿಗಳಲ್ಲಿ ವಾಹನಗಳ ಧೂಳು ರೋಲರ್, ವೈಪರ್ ಮತ್ತು ಎನ್‌ಕೋಡರ್ ಪಟ್ಟಿಯ ಮೇಲೆ ಕೂರುತ್ತದೆ. ವೈಪರಿಗೆ ಅಂಟಿದ ಧೂಳು ಪ್ರತಿ ಕ್ಲೀನಿಂಗ್‌ನಲ್ಲೂ ಹೆಡ್ಡಿನ ಮುಖಕ್ಕೆ ಬಳಿದುಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಕಾಗದದ ಟ್ರೇ ಮುಚ್ಚಿ ಬಟ್ಟೆ ಹೊದಿಸುವುದರಿಂದ ಇದನ್ನು ತಡೆಯಬಹುದು. ಬೋರ್‌ವೆಲ್ ನೀರು ಗಡಸಾಗಿದ್ದು ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಒಣಗಿದಾಗ ಹರಳುಗಟ್ಟುತ್ತವೆ. ಆದ್ದರಿಂದ ಹೆಡ್ ತೊಳೆಯಲು ನಲ್ಲಿ ಅಥವಾ ಬೋರ್ ನೀರಿನ ಬದಲು ಬ್ಯಾಟರಿ ಅಂಗಡಿ, ಔಷಧದ ಅಂಗಡಿಗಳಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಬಳಸಬೇಕು.

ಮಳೆಗಾಲ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಚ್ಚಿಟ್ಟ ಕಾಗದ ತೇವ ಹೀರಿ ಬಾಗುತ್ತದೆ, ಶಾಯಿ ಹರಡುವುದು ಮತ್ತು ಕಾಗದ ಸಿಕ್ಕಿಕೊಳ್ಳುವುದು ಹೆಚ್ಚು. ರೀಮನ್ನು ಅದರ ಹೊದಿಕೆಯಲ್ಲೇ ಇಟ್ಟು, ಬೇಕಾದಷ್ಟನ್ನು ಮಾತ್ರ ಟ್ರೇಗೆ ಹಾಕುವುದು ಒಳಿತು.

ಸಾಗಣೆ: ಕಮಲಾಪುರದಂಥ ತಾಲ್ಲೂಕು ಕೇಂದ್ರದಿಂದ ದೊಡ್ಡ ರಿಪೇರಿಗೆ ಪ್ರಿಂಟರನ್ನು ಜಿಲ್ಲಾ ಕೇಂದ್ರಕ್ಕೆ ಒಯ್ಯಬೇಕಾದಾಗ ಹೊಸ ದೋಷಗಳು ಹುಟ್ಟಬಹುದು. ಟ್ಯಾಂಕ್ ಪ್ರಿಂಟರನ್ನು ವಾಲಿಸಿದರೆ ಶಾಯಿ ಚೆಲ್ಲುತ್ತದೆ, ಕೊಳವೆಗೆ ಗಾಳಿ ನುಗ್ಗುತ್ತದೆ. ಮುಚ್ಚಳಗಳನ್ನು ಬಿಗಿದು, ಹೆಡ್ ಕ್ಯಾಪಿನ ಮೇಲಿರುವುದನ್ನು ಖಚಿತಪಡಿಸಿಕೊಂಡು, ಯಂತ್ರವನ್ನು ಮಟ್ಟಸವಾಗಿ ಒಯ್ಯಬೇಕು. ಸಾಗಣೆಯ ಲಾಕ್ ಇರುವ ಮಾದರಿಗಳಲ್ಲಿ ಹೊರಡುವ ಮೊದಲು ಅದನ್ನು ಮುಚ್ಚಿ, ತಲುಪಿದ ಮೇಲೆ ತೆರೆಯಬೇಕು. ತೆರೆಯಲು ಮರೆತರೆ ಕೊಳವೆಯಲ್ಲಿದ್ದ ಶಾಯಿ ಮುಗಿಯುತ್ತಲೇ ಹಾಳೆಗಳು ಖಾಲಿ ಬರತೊಡಗುತ್ತವೆ.

ಇಂದಿನ ಸ್ಥಿತಿ

ಡಿಜಿಟಲ್ ದಾಖಲೆಗಳು ಹೆಚ್ಚಿದರೂ ಅರ್ಜಿ, ಫೋಟೊ ಮತ್ತು ಬಣ್ಣದ ವರದಿಗಳಿಗೆ ಇಂಕ್‌ಜೆಟ್ ಬಳಕೆ ಮುಂದುವರಿದಿದೆ. ಬರೀ ಕಪ್ಪು ಅಕ್ಷರದ ದಾಖಲೆಗಳನ್ನು ಹೆಚ್ಚು ಸಂಖ್ಯೆಯಲ್ಲಿ ತೆಗೆಯುವಲ್ಲಿ, ಹಾಗೂ ತಿಂಗಳುಗಟ್ಟಲೆ ಯಂತ್ರ ಸುಮ್ಮನಿರುವಲ್ಲಿ ಲೇಸರ್ ಪ್ರಿಂಟರ್ ಸೂಕ್ತ. ಅದರ ಟೋನರ್ ಪುಡಿ ಒಣಗುವ ಪ್ರಶ್ನೆಯೇ ಇಲ್ಲ. ಬಣ್ಣದ ಕೆಲಸ ನಿತ್ಯ ಇರುವಲ್ಲಿ ಇಂಕ್‌ಜೆಟ್ ಅಗ್ಗ. ಬಟ್ಟೆ, ಕಪ್ ಮುಂತಾದವುಗಳ ಮೇಲೆ ಚಿತ್ರ ಇಳಿಸುವ ಸಬ್ಲಿಮೇಷನ್ ಮುದ್ರಣ ಹಾಗೂ ಫಲಕಗಳ ದೊಡ್ಡ ಗಾತ್ರದ ಮುದ್ರಣವೂ ಇಂಕ್‌ಜೆಟ್ ತತ್ತ್ವದ್ದೇ. ಶಾಯಿ ಬೇರೆಯಾದರೂ ನಾಜಲ್ ಕಟ್ಟುವುದು, ಗೆರೆ ಬೀಳುವುದು ಮತ್ತು ಅವುಗಳ ಪತ್ತೆಯ ಕ್ರಮ ಸಮಾನ.

ಹೆಡ್ ಬದಲಿಸುವ ಖರ್ಚು ಹೊಸ ಯಂತ್ರದ ಬೆಲೆಯ ಸಮೀಪಕ್ಕೆ ಬರುವ ಮಾದರಿಗಳಲ್ಲಿ ಕೆಟ್ಟ ಪ್ರಿಂಟರ್ ಗುಜರಿಗೆ ಸೇರುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ವ್ಯಾಪ್ತಿಗೆ ಪ್ರಿಂಟರ್ ಮತ್ತು ಕಾರ್ಟ್ರಿಜ್‌ಗಳೂ ಬರುತ್ತವೆ. ಅವುಗಳನ್ನು ನೋಂದಾಯಿತ ಮರುಬಳಕೆದಾರರ ಮೂಲಕ ವಿಲೇವಾರಿ ಮಾಡುವ ಹೊಣೆಯನ್ನು ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ವಾರಕ್ಕೊಂದು ಬಣ್ಣದ ಪುಟ, ಗುಂಡಿಯಿಂದಲೇ ಆಫ್ ಮಾಡುವ ರೂಢಿ, ಕೆಳಗೆರೆ ಮುಟ್ಟುವ ಮೊದಲೇ ಶಾಯಿ ತುಂಬುವುದು ಮತ್ತು ಕ್ಲೀನಿಂಗ್‌ಗೆ ಮುಂಚೆ ನಾಜಲ್ ಚೆಕ್, ಈ ನಾಲ್ಕನ್ನು ಪಾಲಿಸಿದರೆ ನಾಜಲ್ ಕಟ್ಟುವ ತೊಂದರೆಗಳಲ್ಲಿ ಬಹುಪಾಲನ್ನು ತಡೆಯಬಹುದು. ಹೆಡ್ಡಿನ ಆಯುಸ್ಸೂ ಹೆಚ್ಚುತ್ತದೆ.